ಸೂಜಿದಿಂಬು

ಪಂಚಾಕ್ಷರಯ್ಯ ಎರಡೂ ಕೈಗಳನ್ನು ಮಂಡಿಯ ಮೇಲೆ ಊರಿಕೊಂಡು, ಮಠದ ಸ್ವಾಮಿಗಳು ಗದ್ದುಗೆ ಏರುವ ಹಾಗೆ, ಬಹಳ ನಿಧಾನವಾಗಿ ಕೂತ. ಕೂತ ಮೇಲೆ ಕಣ್ಣು ಮುಚ್ಚಿದ.

"ಏನೂ ಇಲ್ಲವಲ್ಲಯ್ಯ ಇದರಲ್ಲಿ," ಎಂದ ಆಮೇಲೆ. "ಗಾಳಿ ಮೇಲೆ ಕೂತಂಗದೆ."

ಎದ್ದು ತಿರುಗಿ ನೋಡಿದ. ಹನ್ನೆರಡು ವರ್ಷದಿಂದ ಮೂಲವ್ಯಾಧಿಯನ್ನು ಸಾಕಿಕೊಂಡು ಬಂದಿದ್ದ ಪಂಚಾಕ್ಷರಯ್ಯ ಕೂತದ್ದಕ್ಕೆ ಗುರುತು ಉಳಿಯದ ಆಸನವೇ ಆ ಪೇಟೆಯಲ್ಲಿ ಇರಲಿಲ್ಲ. ಸ್ಪಂಜಿನಂಥ ಈ ಹಳದಿ ತುಂಡು ಮಾತ್ರ ಎರಡು ಎಣಿಸುವುದರೊಳಗೆ ಮೇಲೆದ್ದು, ಇವನು ಯಾರೋ ತನಗೆ ಗೊತ್ತೇ ಇಲ್ಲ ಎನ್ನುವಂತೆ ಸಪಾಟಾಗಿ ಕೂತುಬಿಟ್ಟಿತು.

ಕಾಟನ್‌ಪೇಟೆಯಲ್ಲಿ ನಂಜುಂಡಯ್ಯನದು ಹಾಸಿಗೆ ಅಂಗಡಿ, ತಾತನ ಕಾಲದ್ದು. ಹಿಂದುಗಡೆ ಮನೆ, ಮುಂದುಗಡೆ ಅರಳೆಯ ಮೂಟೆಗಳು, ನಡುವೆ ನಂಜುಂಡಯ್ಯ. ಪಕ್ಕದ ನೂಲಿನ ಅಂಗಡಿ ಪಂಚಾಕ್ಷರಯ್ಯನದು. ಕೈಗಾಡಿಯಲ್ಲಿ ಮೂಟೆ ತಂದು ಇಳಿಸುವ ಮರಿಯಣ್ಣ ದಿನಾ ನಾಲ್ಕು ಗಂಟೆಗೆ ಗಾಡಿಯನ್ನು ಗೋಡೆಗೆ ಒರಗಿಸಿ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ. ಹೋಟೆಲಿನಿಂದ ಕಾಫಿ ಬರುತ್ತಿತ್ತು. ಕಾಫಿಯ ಜೊತೆಗೆ ಕೇಳಿಬರುತ್ತಿದ್ದದ್ದು ನಂಜುಂಡಯ್ಯನ ನಕಲು.

ಅವನು ನಕಲು ಮಾಡದ ಮನುಷ್ಯರಿರಲಿಲ್ಲ. ಕಾರ್ಪೊರೇಷನ್ ಇನ್‌ಸ್ಪೆಕ್ಟರು ಮೂಗು ಮುಚ್ಚಿಕೊಂಡು ಚರಂಡಿ ದಾಟುವುದು, ಅಂಚೆಯವನು ಬೇಡದ ಕಾಗದವನ್ನು ಕೊಡುವಾಗ ಮಾಡುವ ಮುಖ, ಹಾಸಿಗೆ ಕೊಳ್ಳಲು ಬಂದ ಹೊಸ ಮದುವೆಯ ಗಂಡು ಅಗಲವನ್ನು ಹೇಳಲಾರದೆ ಉದ್ದವನ್ನೇ ಮೂರು ಸಲ ಹೇಳುವುದು. ಹತ್ತಿಯ ಪೇಟೆಯಲ್ಲಿ ಹತ್ತಿದವರೂ ಉಂಟು, ಇಳಿದವರೂ ಉಂಟು. ಎಲ್ಲರೂ ಅವನ ಮೈಯಲ್ಲಿ ಒಂದು ಸಲ ಹತ್ತಿ ಇಳಿದವರೇ. ಅವತ್ತಿನ ಸರದಿ ಬೊಂಬಾಯಿಯ ಏಜೆಂಟನದು. ಜನವರಿ ತಿಂಗಳು, ಸಾವಿರದ ಒಂಬೈನೂರ ಐವತ್ತೊಂಬತ್ತು. ಜರ್ಮನಿಯ ಸರಕು ಎಂದು ಹೇಳಿ, ಎರಡು ಅಡಿ ಉದ್ದ ಎರಡು ಅಡಿ ಅಗಲದ, ನಾಲ್ಕು ಅಂಗುಲ ದಪ್ಪದ ಈ ತುಂಡನ್ನು ಹಿಂದಿನ ದಿನ ಆತ ನಮೂನೆಗೆಂದು ಬಿಟ್ಟುಹೋಗಿದ್ದ.

ನಂಜುಂಡಯ್ಯ ಇಲ್ಲದ ಟೈಯನ್ನು ಸರಿಮಾಡಿಕೊಂಡು, ಇಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳಿ, "ಪಾಲಿಯುರಿಥೇನ್ ಫೋಮ್, ಸೇಟ್‌ಜೀ, ಪಾಲಿಯುರಿಥೇನ್," ಎಂದು ಮೂಗಿನಲ್ಲಿ ಹೇಳಿದ. ಮರುಕ್ಷಣ ತಾನಾಗಿ, "ಪಾಲಿಗೆ ಬಂದದ್ದು ಪಂಚಾಮೃತ ಅಂದೆ. ಮಡಗಿ ಹೋದ," ಎಂದ.

ಅಂಗಡಿಗೆ ಬಂದವರೆಲ್ಲ ಅದನ್ನು ಒಂದು ಸಲ ಒತ್ತಿ ನೋಡಿದರು. ಒತ್ತಿದವರೆಲ್ಲ ಒಂದು ಚೂರು ಕೇಳಿದರು. ಮರಿಯಣ್ಣನಿಗೆ ಗಾಡಿಯ ನೊಗದ ಕೋಲು ಹೆಗಲಿಗೆ ಒತ್ತುವ ಜಾಗಕ್ಕೆ ಬೇಕಿತ್ತು, ಕೊಟ್ಟದ್ದಾಯಿತು. ಸೈಕಲ್ ಸೀಟಿಗೆ ಎಂದು ಒಬ್ಬ, ಮಗಳ ಸ್ಲೇಟು ಒರೆಸಲಿಕ್ಕೆ ಎಂದು ಇನ್ನೊಬ್ಬ, ಹೆಂಡತಿಯ ತುರುಬಿನೊಳಗೆ ಇಡಲಿಕ್ಕೆ ಎಂದು ಹೇಳಲು ನಾಚಿ ಹಾರ್ಮೋನಿಯಂ ಎಂದು ಹೇಳಿದವನು ಮತ್ತೊಬ್ಬ. ನಂಜುಂಡಯ್ಯ ಅಂಚಿನಿಂದ ಕತ್ತರಿಸಿ ಕೊಡುತ್ತ ಹೋದ. ಅವನಿಗೆ ಆ ಪದಾರ್ಥದ ಮೇಲೆ ಗೌರವವಿರಲಿಲ್ಲ. "ಅರಳೆಗಾದ್ರೆ ಬಿಸಿಲು ಬೇಕು, ಹಿಂಜೋ ಬಿಲ್ಲು ಬೇಕು, ಆಮೇಲೆ ಅರಳತ್ತೆ. ಇದು ಸುಮ್ಮಸುಮ್ಮನೆ ಅರಳತ್ತೆ. ತೂಕ ಇಲ್ಲದ್ದು, ನಂಬಬಾರದು," ಎನ್ನುತ್ತಿದ್ದ.

"ಏಜೆಂಟು ಸಾಕು. ತೆಂಗಿನಕಾಯಿ ಮಾಡಯ್ಯ," ಎಂದ ಪಂಚಾಕ್ಷರಯ್ಯ.

ತೆಂಗಿನಕಾಯಿ ಎಂದರೆ ಟೀಚರಮ್ಮನ ನಡಿಗೆ. ಒಂದು ತಿಂಗಳಿಂದ ಅಂಗಡಿಯಲ್ಲಿ ಅದಕ್ಕೇ ಹೆಚ್ಚು ಬೇಡಿಕೆ. ಚಾಮರಾಜಪೇಟೆಯಿಂದ ಬೆಳಿಗ್ಗೆ ಈ ಬೀದಿಯಲ್ಲಿ ಹಾದು ಹೆಣ್ಣುಮಕ್ಕಳ ಶಾಲೆಗೆ ಹೋಗಿ ಸಾಯಂಕಾಲ ಹಾಗೆಯೇ ವಾಪಸು ಬರುತ್ತಿದ್ದ ಲೆಕ್ಕದ ಟೀಚರು, ಗಿರಿಜಾಂಬಾ ಎಂದು ಹೆಸರು, ಇತ್ತೀಚೆಗೆ ಒಂದು ವಿಚಿತ್ರ ರೀತಿಯಲ್ಲಿ ನಡೆಯುತ್ತಿದ್ದಳು. ಎಡ ಭುಜ ಮೇಲಕ್ಕೆ, ಎಡ ತೋಳು ಪಕ್ಕೆಗೆ ಒತ್ತಿಕೊಂಡು, ಸೆರಗು ಮುಷ್ಟಿಯಲ್ಲಿ. ಕದ್ದ ತೆಂಗಿನಕಾಯನ್ನು ಕಂಕುಳಲ್ಲಿ ಅಡಗಿಸಿಕೊಂಡು ಪೊಲೀಸಿನವನ ಮುಂದೆ ಹೋಗುವವರ ಹಾಗೆ ಎಂದು ನಂಜುಂಡಯ್ಯನೇ ವರ್ಣಿಸಿದ್ದ.

ಅವನು ಮೆಟ್ಟಿಲಿಳಿದು ಬೀದಿಗೆ ಹೋದ. ಭುಜ ಏರಿಸಿದ, ತೋಳು ಒತ್ತಿದ, ಪಂಚೆಯ ತುದಿಯನ್ನು ಸೆರಗಾಗಿ ಹಿಡಿದು ಹತ್ತು ಹೆಜ್ಜೆ ನಡೆದ. ಕೊರಳಲ್ಲಿ ಕಟ್ಟಿದ್ದ ಲಿಂಗದ ಬೆಳ್ಳಿ ಕರಡಿಗೆ ಎಡಕ್ಕೆ ಜಾರಿ ತೂಗಾಡಿತು. ಮರಿಯಣ್ಣ ನಗಲು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದ. ನಂಜುಂಡಯ್ಯ ತಿರುಗಿ ನೋಡಿದರೆ ಬೀದಿಯ ತಿರುವಿನಲ್ಲಿ ಗಿರಿಜಾಂಬಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಆಮೇಲೆ ಅವಳು ಎಂದಿನಂತೆಯೇ ನಡೆದುಕೊಂಡು, ಅವರ ಮುಂದೆಯೇ ಹಾದುಹೋದಳು. ಹೋಗುವಾಗ ಅವರನ್ನು ನೋಡಲಿಲ್ಲ; ಮೆಟ್ಟಿಲ ಮೇಲಿದ್ದ ಹಳದಿ ತುಂಡನ್ನು ನೋಡಿದಳು.

ಹಿಂದಿನ ದಸರಾ ರಜೆಯಲ್ಲಿ ಆಸ್ಪತ್ರೆಯಲ್ಲಿ ಅವಳ ಎಡ ಸ್ತನವನ್ನು ತೆಗೆದಿದ್ದರು. ಗಂಟು ಇತ್ತು, ತೆಗೆಯದೆ ವಿಧಿಯಿರಲಿಲ್ಲ. ವಿಷಯ ತಾಯಿ ಸುಬ್ಬಮ್ಮನನ್ನು ಬಿಟ್ಟು ಮತ್ತಾರಿಗೂ ಗೊತ್ತಿರಲಿಲ್ಲ. ಶಾಲೆಗೆ ಕೊಟ್ಟ ರಜೆ ಅರ್ಜಿಯಲ್ಲಿ ಹೊಟ್ಟೆಯ ಆಪರೇಷನ್ ಎಂದು ಬರೆದಿದ್ದಳು. ತಾಯಿಯ ಹಳೆಯ ಸೀರೆಯನ್ನು ಮಡಚಿ ಉಂಡೆ ಮಾಡಿ, ರವಿಕೆಯ ಒಳಗೆ ಚೀಲ ಹೊಲಿದು ಇಟ್ಟುಕೊಂಡಿದ್ದಳು. ಅದು ಬೆಳಿಗ್ಗೆ ಒಂದು ಆಕಾರದಲ್ಲಿದ್ದರೆ ಮಧ್ಯಾಹ್ನ ಇನ್ನೊಂದು ಆಕಾರಕ್ಕೆ ಬರುತ್ತಿತ್ತು. ಡಿಸೆಂಬರಿನಲ್ಲಿ ಒಂದು ದಿನ, ವೃತ್ತದ ಸ್ಪರ್ಶರೇಖೆ ಎಳೆಯಲು ಬೋರ್ಡಿನ ಮೇಲ್ಭಾಗಕ್ಕೆ ಕೈ ಎತ್ತಿದಾಗ, ಉಂಡೆ ಜಾರಿ ಕತ್ತಿನ ಮೂಳೆಯ ಹತ್ತಿರ ಬಂದು ಕೂತಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ನಕ್ಕಳು. ನಕ್ಕು ತುಟಿ ಕಚ್ಚಿಕೊಂಡಳು. ಅವತ್ತಿನಿಂದ ಗಿರಿಜಾಂಬಾ ಕುರ್ಚಿಯ ಮೇಲೆ ಕೂತು ಪಾಠ ಮಾಡುತ್ತಿದ್ದಳು. ಬೋರ್ಡಿನ ಮೇಲೆ ಹುಡುಗಿಯರೇ ಬರೆಯುತ್ತಿದ್ದರು, ಸೊಟ್ಟಗೆ. ಫೆಬ್ರವರಿ ಇಪ್ಪತ್ತಕ್ಕೆ ಇನ್‌ಸ್ಪೆಕ್ಷನ್ ಇತ್ತು. ಸಾಹೇಬರ ಎದುರಿಗೆ ಅರ್ಧ ಗಂಟೆ ನಿಂತು ಪಾಠ ಮಾಡಲಾಗದಿದ್ದರೆ, ಟೀಚರ್ ಕೆಲಸ ಬಿಟ್ಟು ಆಫೀಸಿನಲ್ಲಿ ಹಾಜರಿ ಪುಸ್ತಕ ಬರೆಯಬಹುದು ಎಂದು ಹೆಡ್‌ಮಿಸ್ಟ್ರೆಸ್ಸು ಬಹಳ ಮೃದುವಾಗಿ ಹೇಳಿದ್ದರು.

ಮೂರು ದಿನ ಬಿಟ್ಟು, ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಅವಳು ಬಂದಳು. ಜಗಳಕ್ಕೇ ಬಂದಳೆಂದು ನಂಜುಂಡಯ್ಯ ತಿಳಿದ. ಅವಳು ಚೀಲದಿಂದ ಕಂದು ಕಾಗದವೊಂದನ್ನು ತೆಗೆದು ಗದ್ದಿಗೆಯ ಮೇಲೆ ಹರಡಿದಳು. ಕೈವಾರದಿಂದ ಎಳೆದ ಆರು ಅಂಗುಲದ ವೃತ್ತ. ಪಕ್ಕದಲ್ಲಿ, ಅದನ್ನೇ ಬದಿಯಿಂದ ನೋಡಿದರೆ ಹೇಗಿರಬೇಕೆಂದು, ಒಂದು ಕಡೆ ಸ್ವಲ್ಪ ಹೆಚ್ಚು ಇಳಿಜಾರಾದ ಗೆರೆ.

"ಆ ಹಳದೀದರಲ್ಲಿ ಇಷ್ಟು ಬೇಕು. ಮೇಲೆ ಮಲ್ಮಲ್ ಬಟ್ಟೆ ಹಾಕಿ ಹೊಲೀಬೇಕು," ಎಂದಳು.

"ಏನಮ್ಮೋರೇ ಇದು?"

"ಸೂಜಿದಿಂಬು. ಸೂಜಿ ಚುಚ್ಚಿಡೋಕೆ."

ಆ ಅಂಗಡಿಗೆ ತಾತನ ಕಾಲದ ಒಂದು ಕಟ್ಟಳೆ ಇತ್ತು. ಉದ್ದ ಕೇಳು, ಅಗಲ ಕೇಳು, ತೂಕ ಕೇಳು. ಮಲಗೋರು ಯಾರು ಅಂತ ಕೇಳಬೇಡ. ತಾತ ಒಂದು ಸಲ ಕೇಳಿ, ಒಂದೂರಿನ ಪಟೇಲನ ಎರಡನೆಯ ಸಂಸಾರವನ್ನು ಮೊದಲನೆಯದಕ್ಕೆ ತಿಳಿಯುವಂತೆ ಮಾಡಿ, ಪೆಟ್ಟು ತಿಂದದ್ದರಿಂದ ಹುಟ್ಟಿದ ಕಟ್ಟಳೆ. ನಂಜುಂಡಯ್ಯ ಇನ್ನೇನನ್ನು ಬಿಟ್ಟರೂ ಅದನ್ನು ಬಿಟ್ಟವನಲ್ಲ. ಕೇಳುತ್ತಿರಲಿಲ್ಲ, ನೋಡಿ ನಕಲು ಮಾಡುತ್ತಿದ್ದ ಅಷ್ಟೆ. ಇಷ್ಟು ದೊಡ್ಡ ಸೂಜಿದಿಂಬಿಗೆ ಚುಚ್ಚುವ ಸೂಜಿ ದಬ್ಬಣವೇ ಇರಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೊನ್ನೆಯದರ ನೆನಪಾಗಿ ನುಂಗಿಕೊಂಡ. ತುಂಡಿನ ಅಂಚೆಲ್ಲ ಇಲಿ ಕಡಿದಂತೆ ಆಗಿದ್ದರಿಂದ ಕಾಗದವನ್ನು ಸರಿಯಾಗಿ ನಡುವೆ ಇಟ್ಟು, ಗುಂಡಗೆ ಕೊಯ್ದ. ಕೊಯ್ದದ್ದನ್ನು ಗೆರೆಯ ಪ್ರಕಾರ ಸವರಿ, ಬಟ್ಟೆ ಹೊಲಿದು, ಸಾಯಂಕಾಲ ಅವಳು ವಾಪಸು ಹೋಗುವಾಗ ಕಾಗದದಲ್ಲಿ ಸುತ್ತಿ ಕೊಟ್ಟ.

ನಡುವೆ ತೂತು ಬಿದ್ದ ಹಳದಿ ತುಂಡನ್ನು ಕಂಡು ಪಂಚಾಕ್ಷರಯ್ಯ ಬೇಜಾರು ಮಾಡಿಕೊಂಡ. ಯಾರು ಕೊಯ್ದದ್ದು ಎಂದು ಕೇಳಿದ್ದಕ್ಕೆ ಇಲಿ ಎಂಬ ಉತ್ತರ ಬಂತು. ಕೈವಾರ ಹಿಡಿದ ಇಲಿ ಎಂದು ಗೊಣಗುತ್ತ ಅವನು ಅಭ್ಯಾಸಬಲದಿಂದ ಅದರ ಮೇಲೆಯೇ ಕೂತ. ಮುಖದ ಮೇಲೆ ಹನ್ನೆರಡು ವರ್ಷದಿಂದ ಯಾರೂ ನೋಡಿರದ ಒಂದು ಶಾಂತಿ ಬಂದು ನೆಲೆಸಿತು.

"ಇಲಿ ಪುಣ್ಯಾತ್ಮ ಕಣಯ್ಯ," ಎಂದ.

ಮುಂದಿನ ಭಾನುವಾರ ಬೆಳಿಗ್ಗೆ ಗಿರಿಜಾಂಬಾ ಮತ್ತೆ ಬಂದಳು. ಅಂಗಡಿ ಮುಚ್ಚಿದ್ದರಿಂದ ಪಕ್ಕದ ಓಣಿಯಲ್ಲಿ ಬಂದು ಮನೆಯ ಬಾಗಿಲು ತಟ್ಟಿದಳು. ಹಿತ್ತಿಲಿನಲ್ಲಿ ನಂಜುಂಡಯ್ಯನ ಹೆಂಡತಿ ಶೈಲಜಮ್ಮ ಮೊರದಲ್ಲಿ ರಾಗಿ ಹಸನು ಮಾಡುತ್ತ ಕೂತಿದ್ದಳು. ಗಿರಿಜಾಂಬಾ ಕಾಗದದ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟಳು.

"ಇದು ಸರಿಯಿಲ್ಲ. ಮೇಲಕ್ಕೆ ಏರತ್ತೆ."

ನಂಜುಂಡಯ್ಯ ಪೊಟ್ಟಣ ಬಿಚ್ಚಿದ. ಮಲ್ಮಲ್ ಬಟ್ಟೆಯಲ್ಲಿ ಒಂದೇ ಒಂದು ಸೂಜಿಯ ತೂತೂ ಇರಲಿಲ್ಲ. ಒಂದು ಕಡೆ ಬೆವರಿನ ಗುರುತು ಇತ್ತು. ಸೂಜಿದಿಂಬು ಮೇಲಕ್ಕೆ ಏರುವುದಿಲ್ಲ. ಅವನು ಅದನ್ನು ತಿರುಗಿಸಿ ನೋಡಿದ, ಅವಳು ಬರೆದುಕೊಟ್ಟಿದ್ದ ಇಳಿಜಾರಿನ ಗೆರೆಯನ್ನು ಬೆರಳಲ್ಲಿ ಸವರಿದ, ಅರ್ಧಕ್ಕೆ ಬೆರಳು ನಿಂತಿತು. ತಲೆ ಎತ್ತದೆ ಅದನ್ನು ಬಹಳ ಜೋಪಾನವಾಗಿ ಕಾಗದದ ಮೇಲೆ ಇಟ್ಟ. ಶೈಲಜಮ್ಮ ಮೊರ ಕೇರುವುದನ್ನು ನಿಲ್ಲಿಸಿ ಒಮ್ಮೆ ಕಟ್ಟೆಯ ಕಡೆ, ಒಮ್ಮೆ ಬಂದವಳ ಕಡೆ ನೋಡಿದಳು. ಆಮೇಲೆ ಎದ್ದು ಹೋಗಿ ಓಣಿಯ ಬಾಗಿಲಿಗೆ ಅಗಳಿ ಹಾಕಿಕೊಂಡು ಬಂದಳು.

"ನೀವು ನನ್ನ ನಡಿಗೆ ಮಾಡ್ತೀರಲ್ಲ," ಎಂದಳು ಗಿರಿಜಾಂಬಾ.

"ಅಮ್ಮೋರೇ, ತಪ್ಪಾಯ್ತು. ನಂಗೆ ಗೊತ್ತಿರಲಿಲ್ಲ."

"ತಪ್ಪು ಒಪ್ಪು ಆಮೇಲೆ ನೋಡೋಣ. ಈಗ ಮಾಡಿ, ನಾನು ನೋಡ್ಬೇಕು. ನಮ್ಮನೇಲಿರೋದು ಅಂಗೈ ಅಗಲದ ಕನ್ನಡಿ. ಅದರಲ್ಲಿ ಮುಖ ಕಾಣತ್ತೆ, ನಡಿಗೆ ಕಾಣಲ್ಲ."

ನಂಜುಂಡಯ್ಯ ಹೆಂಡತಿಯ ಮುಖ ನೋಡಿದ. ಅಲ್ಲಿ ಸಹಾಯ ಸಿಗಲಿಲ್ಲ. ಬಾವಿಯ ಕಟ್ಟೆಯಿಂದ ತುಳಸಿಯ ತನಕ ಒಂದು ಸಲ ನಡೆದ.

"ಅರ್ಧ ಮಾಡ್ತಿದೀರಿ," ಎಂದಳು ಅವಳು, ಮನೆಲೆಕ್ಕ ಪೂರ್ತಿ ಮಾಡದ ಹುಡುಗಿಗೆ ಹೇಳುವಂತೆ. "ಅಂಗಡಿ ಮುಂದೆ ಮಾಡೋ ಹಾಗೆ ಮಾಡಿ."

ಅವನು ಮತ್ತೆ ಬಾವಿಯ ಕಟ್ಟೆಯಿಂದ ಹೊರಟ. ಈ ಸಲ ಮೈ ತಾನಾಗಿ ಕೆಲಸ ಮಾಡಿತು. ಭುಜ ಏರಿತು, ತೋಳು ಪಕ್ಕೆಗೆ ಅಂಟಿತು, ಮುಷ್ಟಿ ಬಿಗಿಯಿತು, ಕರಡಿಗೆ ಎಡಕ್ಕೆ ಜಾರಿತು. ಗಿರಿಜಾಂಬಾ ಅವನ ಜೊತೆಜೊತೆಗೆ ನಡೆದಳು, ಪಕ್ಕದಿಂದ ನೋಡಿದಳು, ಹಿಂದಿನಿಂದ ನೋಡಿದಳು. ತುಳಸಿಯ ಹತ್ತಿರ ಹಾಗೇ ನಿಲ್ಲಲು ಹೇಳಿದಳು. ಅವನು ನಿಂತ.

"ಕೈ ಇಷ್ಟು ಒತ್ತಿ ಹಿಡೀತೀನಾ?"

"ಹ್ಞೂಂ."

"ಇದನ್ನ ಇಟ್ಕೊಂಡ ಮೇಲೂ?"

"ಈಗ ಬಂದ್ರಲ್ಲ, ನೋಡಿದೆ. ಜಾಸ್ತಿ ಆಗಿದೆ." ಅವನು ಇನ್ನೂ ಅವಳ ಭಂಗಿಯಲ್ಲೇ ನಿಂತಿದ್ದ, ಮಾತೂ ಅದರೊಳಗಿಂದಲೇ ಬಂತು. "ಮೊದ್ಲು ಬೀಳತ್ತೆ ಅಂತ ಹಿಡ್ಕೋತಿದ್ರಿ. ಈಗ ಹಾರತ್ತೆ ಅಂತ ಹಿಡ್ಕೋತಿದೀರಿ. ಇದಕ್ಕೆ ತೂಕ ಇಲ್ಲ ಅಮ್ಮೋರೇ. ಈ ಕಡೆ ತೂಕ ಇಲ್ದೆ ಭುಜ ತಾನಾಗೇ ಮೇಲಕ್ಕೆ ಹೋಗತ್ತೆ."

ಹಾಗೆ ನಿಂತಾಗ ಅವನಿಗೆ ಅದು ನಿಜವಾಗಿ ತಿಳಿಯುತ್ತಿತ್ತು. ಒಂದು ತಿಂಗಳು ಆ ನಡಿಗೆಯನ್ನು ನಡೆದಿದ್ದರೂ, ಅದರ ಒಳಗೆ ಏನಿಲ್ಲ ಎಂಬುದನ್ನು ಒಮ್ಮೆಯೂ ಹುಡುಕಿರಲಿಲ್ಲ.

ಗಿರಿಜಾಂಬಾ ಇಪ್ಪತ್ತನೆಯ ತಾರೀಖಿನ ವಿಷಯ ಹೇಳಿದಳು. ಅರ್ಧ ಗಂಟೆ ಬೋರ್ಡಿನ ಹತ್ತಿರ ನಿಲ್ಲಬೇಕು, ಕೈ ಎತ್ತಬೇಕು. ಅವತ್ತು ಇದು ಮೇಲೇರಿದರೆ ತಾನು ಮತ್ತೆ ಆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ. ಹಾಜರಿ ಪುಸ್ತಕ ಬರೆಯುವುದಂತೂ ಇಲ್ಲವೇ ಇಲ್ಲ. ಹೇಳುವಾಗ ಅವಳ ದನಿ ಏರಲಿಲ್ಲ. ಎಷ್ಟು ದಿನ ಬೇಕು ಎಂದು ಕೇಳಿದಳು. ನಂಜುಂಡಯ್ಯ ಬುಧವಾರ ಎಂದ. ಓಣಿಯ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಅವಳು ತಿರುಗಿದಳು.

"ಇನ್ನು ಮೇಲೆ ಅಂಗಡಿ ಮುಂದೆ ಏನು ಮಾಡ್ತೀರೋ, ಅದು ನಿಮಗೆ ಬಿಟ್ಟಿದ್ದು."

ಅವಳು ಹೋದ ಮೇಲೆ ನಂಜುಂಡಯ್ಯ ಅಂಗಡಿಯ ತಕ್ಕಡಿಯನ್ನು ತಂದು ಅಡಿಗೆಮನೆಯ ಹೊಸ್ತಿಲ ಮೇಲಿಟ್ಟು ಕೂತ. ಸರ್ಕಾರ ಗ್ರಾಂ ತಂದು ನಾಲ್ಕು ತಿಂಗಳಾಗಿದ್ದರೂ ಪೇಟೆಯಲ್ಲಿ ಇನ್ನೂ ತೊಲದಲ್ಲೇ ತೂಗುತ್ತಿದ್ದರು. ಹಾಸಿಗೆಯನ್ನು ಕಣ್ಣಲ್ಲಿ ನೋಡಿಯೇ ಇಷ್ಟು ಸೇರು ಎಂದು ಹೇಳುವವನು, ತೂಕದ ಬಟ್ಟುಗಳನ್ನು ಮುಂದಿಟ್ಟುಕೊಂಡು ಕೂತಿದ್ದ.

"ಏನು ಯೋಚ್ನೆ?" ಎಂದಳು ಶೈಲಜಮ್ಮ.

"ತೂಕ."

"ಯಾವುದರದು?"

ಅವನು ಗೋಡೆಯ ಕಡೆ ನೋಡಿದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನಿಗೆ ಮಾತು ಹೊರಡದ್ದನ್ನು ಅವಳು ಕಂಡದ್ದು ಅದೇ ಮೊದಲು. ಅವಳು ತರಕಾರಿಯ ಬುಟ್ಟಿಗೆ ಕೈ ಹಾಕಿ ಒಂದು ಸೀಮೆಬದನೆಕಾಯಿ ತೆಗೆದಳು. ಅಂಗೈಯಲ್ಲಿ ಎತ್ತಿ ಇಳಿಸಿ ನೋಡಿದಳು. ಅದನ್ನು ಬುಟ್ಟಿಗೆ ಹಾಕಿ, ಅದಕ್ಕಿಂತ ಸಣ್ಣದೊಂದನ್ನು ಆರಿಸಿದಳು. ಅದನ್ನೂ ಎತ್ತಿ ಇಳಿಸಿ ನೋಡಿ, ಆಮೇಲೆ ತಕ್ಕಡಿಯಲ್ಲಿ ಇಟ್ಟಳು.

"ಟೀಚರಮ್ಮ ಸಣಕಲು ಮೈಯವರು," ಎಂದಳು. "ಇಷ್ಟು ಸಾಕು."

ಹದಿನಾರು ತೊಲ ತೂಗಿತು. ಇಬ್ಬರೂ ಆ ಕಾಯಿಯ ಕಡೆ ಮತ್ತೆ ನೋಡಲಿಲ್ಲ. ಮಧ್ಯಾಹ್ನ ಅದು ಸಾರಿಗೆ ಹೋಯಿತು.

ತೂಕಕ್ಕೆ ಏನು ಹಾಕುವುದೆಂಬುದು ಮುಂದಿನ ಪ್ರಶ್ನೆ. ಹತ್ತಿಬೀಜ ಜಾಗ ಬಹಳ ತಿನ್ನುತ್ತಿತ್ತು. ಮರಳು ಕಲ್ಲಿನ ಹಾಗೆ ಗಟ್ಟಿಯಾಗಿ ಕೂರುತ್ತಿತ್ತು. ಶೈಲಜಮ್ಮ ಮೊರದಿಂದ ಒಂದು ಹಿಡಿ ರಾಗಿ ತೆಗೆದು ಅವನ ಅಂಗೈಗೆ ಸುರಿದಳು. ಅದು ಬೆರಳ ಸಂದಿಯಲ್ಲಿ ಜಾರಿ, ಕೈ ಹೇಗೆ ಓರೆ ಮಾಡಿದರೆ ಹಾಗೆ ಹರಿದು, ನಿಂತ ಕಡೆ ನಿಂತಿತು. ಬೆವರು ತಾಗಿ ಮೊಳೆತರೆ ಎಂದು ಅವನು ಕೇಳಿದ. ಹುರಿದ ರಾಗಿ ಎಲ್ಲಿ ಮೊಳೆಯುತ್ತದೆ ಎಂದು ಹೇಳಿ ಅವಳು ಬಾಣಲೆ ಇಟ್ಟಳು. ಮನೆಯೆಲ್ಲ ಹುರಿಹಿಟ್ಟಿನ ವಾಸನೆ ಹಬ್ಬಿತು. ನಂಜುಂಡಯ್ಯ ದಿಂಬಿನ ಹೊಲಿಗೆ ಬಿಚ್ಚಿ, ಹಳದಿ ಪದಾರ್ಥವನ್ನು ಒಳಗಿನಿಂದ ಬಟ್ಟಲಿನಂತೆ ತೋಡಿ, ಮೇಣಬಟ್ಟೆಯ ಸಣ್ಣ ಚೀಲದಲ್ಲಿ ಆರಿದ ರಾಗಿಯನ್ನು ತುಂಬಿ, ತೂಕ ನೋಡಿ, ಕೆಳಗಿನ ಇಳಿಜಾರಿನ ಕಡೆಗೆ ಕೂರಿಸಿ ಹೊಲಿದ. ಹಾಸಿಗೆಗೆ ಹಾಕುವ ಹೊಲಿಗೆಯಲ್ಲ. ಲಿಂಗದ ವಸ್ತ್ರಕ್ಕೆ ಹಾಕುವ ಸಣ್ಣ ಹೊಲಿಗೆ. ಬುಧವಾರ ಶೈಲಜಮ್ಮನೇ ಅದನ್ನು ಚಾಮರಾಜಪೇಟೆಗೆ ತೆಗೆದುಕೊಂಡು ಹೋಗಿ ಕೊಟ್ಟು ಬಂದಳು. ಏನಂದರು ಎಂದು ಅವನು ಕೇಳಲಿಲ್ಲ. ದೀಪಾವಳಿಗೊಂದು ಸಲ ಬಿಚ್ಚಿ ರಾಗಿ ಬದಲಾಯಿಸಬೇಕು, ಎಲ್ಲ ಹಾಸಿಗೆಗೂ ಮಾಡುವುದೇ ಎಂದು ಹೇಳಿ ಬಂದೆ ಎಂದು ಅವಳೇ ಹೇಳಿದಳು.

ನಾಲ್ಕು ಗಂಟೆಯ ಕಾಫಿ ಮಾತ್ರ ಕಷ್ಟವಾಯಿತು. ಪಂಚಾಕ್ಷರಯ್ಯ ದಿನಾ ತೆಂಗಿನಕಾಯಿ ಕೇಳುತ್ತಿದ್ದ. ನಂಜುಂಡಯ್ಯ ಒಂದು ದಿನ ಗಂಟಲು ಎಂದ. ನಡಿಗೆಗೂ ಗಂಟಲಿಗೂ ಏನು ಸಂಬಂಧ ಎಂದು ಮರಿಯಣ್ಣ ಕೇಳಿದ. ಮರುದಿನ ಮಂಡಿ ಎಂದ. ಅವನ ಒಳಗೆ ನಡೆಯುತ್ತಿದ್ದದ್ದು ಬೇರೆ. ಈಗ ಆ ನಡಿಗೆಯ ಗುಟ್ಟು ಗೊತ್ತಿತ್ತು. ಗುಟ್ಟಿನ ಸಮೇತ ಮಾಡಿದರೆ ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದೂ ಗೊತ್ತಿತ್ತು. ತೆಂಗಿನಕಾಯಿಯ ಜೊತೆಗೆ ಹೊಂದುವ ಎರಡು ಮೂರು ಮಾತು, ಅವನು ಕರೆಯದಿದ್ದರೂ, ನಾಲಿಗೆಯ ಬುಡದಲ್ಲಿ ಬಂದು ಕೂತಿದ್ದವು. ಆಡಿದ್ದರೆ ಇಡೀ ಪೇಟೆ ಒಂದು ವಾರ ನಗುತ್ತಿತ್ತು. ಬಳೇಪೇಟೆಯ ತನಕ ಹೋಗುತ್ತಿತ್ತು. ಅಂಥ ಮಾತು ಅವನಿಗೆ ವರ್ಷಕ್ಕೊಮ್ಮೆ ಸಿಕ್ಕುವುದೂ ಅಪರೂಪ. ಅವನು ಕಾಫಿ ಕುಡಿದ. ಬಿಸಿ ಇರುವಾಗಲೇ ಕುಡಿದ.

ಇಪ್ಪತ್ತನೆಯ ತಾರೀಖು ಶುಕ್ರವಾರ. ಬೆಳಿಗ್ಗೆ ಟೀಚರು ಹಾದುಹೋಗುವ ಹೊತ್ತಿಗೆ ನಂಜುಂಡಯ್ಯ ಬೇಕೆಂದೇ ಗೋದಾಮಿನೊಳಗೆ ಅರಳೆ ಎಣಿಸುವವನ ಹಾಗೆ ಕೂತಿದ್ದ. ಅರಳೆಯನ್ನು ಎಣಿಸುವವರು ಯಾರೂ ಇಲ್ಲ. ಮಧ್ಯಾಹ್ನ ಒಂದು ದಿಂಬನ್ನು ಎರಡು ಸಲ ಹೊಲಿದು ಎರಡು ಸಲ ಬಿಚ್ಚಿದ. ನಾಲ್ಕು ಗಂಟೆಗೆ ಕಾಫಿ ಬಂದಾಗ ಅವನ ಲೋಟ ಹಾಗೇ ಇತ್ತು. ಪಂಚಾಕ್ಷರಯ್ಯ ತನ್ನ ತೂತಿನ ಆಸನದ ಮೇಲೆ ಸುಖವಾಗಿದ್ದ. ಮರಿಯಣ್ಣನ ಹೆಗಲ ಮೇಲೆ ಹಳದಿ ತುಂಡೊಂದನ್ನು ದಾರದಲ್ಲಿ ಕಟ್ಟಿತ್ತು.

ನಾಲ್ಕೂವರೆಗೆ ಗಿರಿಜಾಂಬಾ ತಿರುವಿನಲ್ಲಿ ಕಾಣಿಸಿದಳು. ಎಡಗೈಯಲ್ಲಿ ಪುಸ್ತಕಗಳಿದ್ದವು, ಬಲಗೈಯಲ್ಲಿ ಮಡಚಿದ ಕೊಡೆ. ಬೆರಳಿಗೂ ಸೆರಗಿನ ಅಂಚಿಗೂ ಸೀಮೆಸುಣ್ಣ ಮೆತ್ತಿತ್ತು. ಬಲ ಮುಂಗೈಯಲ್ಲಿ ಮೊಣಕೈಯ ತನಕ ಬಿಳಿ ಪುಡಿ ಇಳಿದಿತ್ತು. ಅಂಗಡಿಯ ಎದುರಿಗೆ ಬಂದಾಗ ನಂಜುಂಡಯ್ಯ ಗದ್ದಿಗೆಯಿಂದ ಅರ್ಧ ಎದ್ದ.

"ಸೂಜಿದಿಂಬು ಹೇಗಿದೆ ಅಮ್ಮೋರೇ?"

ಅವಳು ನಿಂತಳು. ಪಂಚಾಕ್ಷರಯ್ಯನನ್ನೂ ಮರಿಯಣ್ಣನನ್ನೂ ನೋಡಿದಳು, ಆಮೇಲೆ ಅವನನ್ನು.

"ಕೂತ ಕಡೆ ಕೂತಿದೆ," ಎಂದಳು.

ಅಷ್ಟು ಹೇಳಿ ನಡೆದಳು. ಗಾಡಿಗೆ ದಾರಿ ಬಿಟ್ಟು, ಬೀದಿಯ ಆ ಬದಿಗೆ ದಾಟಿ, ಕಾಳಿನ ಅಂಗಡಿಯ ಮುಂದೆ ಹೋಗುತ್ತಿದ್ದ ನಾಲ್ಕು ಜನ ಹೆಂಗಸರ ಹಿಂದೆ ಐದನೆಯವಳಾದಳು.

ಅವಳು ಮರೆಯಾಗುವುದನ್ನೇ ಕಾದಿದ್ದವನಂತೆ ಪಂಚಾಕ್ಷರಯ್ಯ, "ಈಗ ಮಾಡಯ್ಯ. ಬಿಸಿಬಿಸೀದು," ಎಂದ. "ಇವತ್ತು ಮಂಡಿ ಗಿಂಡಿ ಅಂದ್ರೆ ನಾನು ಕೇಳೋನಲ್ಲ."

ನಂಜುಂಡಯ್ಯ ಮೆಟ್ಟಿಲಿಳಿದ. ಮರಿಯಣ್ಣ ನಗುವಿಗೆ ಬಾಯಿ ಸಿದ್ಧ ಮಾಡಿಕೊಂಡು ಮುಂದಕ್ಕೆ ಬಾಗಿದ. ನಂಜುಂಡಯ್ಯ ಒಂದು ಕ್ಷಣ ಅವಳು ಹೋದ ದಾರಿಯನ್ನು ನೋಡಿ, ಭುಜ ಬಿಟ್ಟು, ತೋಳು ಬಿಟ್ಟು, ಎಡಗೈಯಲ್ಲಿ ಇಲ್ಲದ ಪುಸ್ತಕ, ಬಲಗೈಯಲ್ಲಿ ಇಲ್ಲದ ಕೊಡೆ ಹಿಡಿದು ನಡೆದ. ಅಂಗಡಿಯ ಕಂಬದಿಂದ ದೀಪದ ಕಂಬದ ತನಕ ಹೋದ. ಅಲ್ಲಿಂದ ವಾಪಸು ಬಂದ. ಕರಡಿಗೆ ಎದೆಯ ನಡುವೆ ಅಲ್ಲಾಡದೆ ನಿಂತಿತ್ತು.

ಇಬ್ಬರೂ ಕಾದರು.

"ಯಾರಿದು?" ಎಂದ ಮರಿಯಣ್ಣ.

"ನೀನೇ ಹೇಳು."

ಮರಿಯಣ್ಣ ಬ್ಯಾಂಕಿನ ಗುಮಾಸ್ತನ ಹೆಸರು ಹೇಳಿದ. ಪಂಚಾಕ್ಷರಯ್ಯ ತನ್ನ ಸ್ವಂತ ಷಡ್ಡಕನ ಹೆಸರು ಹೇಳಿ, ಅಲ್ಲ, ಅವನು ಕಾಲು ಎಳೆಯುತ್ತಾನೆ ಎಂದು ತಾನೇ ತಿದ್ದಿಕೊಂಡ. ಇನ್ನೊಂದು ಸಲ ಮಾಡು ಎಂದರು. ಅವನು ಇನ್ನೊಂದು ಸಲ ಮಾಡಿದ. ಮೊದಲಿಗಿಂತ ಚೆನ್ನಾಗಿಯೇ ಬಂತು.

"ಯಾರೂ ಅಲ್ಲವಲ್ಲಯ್ಯ ಇದು," ಎಂದ ಪಂಚಾಕ್ಷರಯ್ಯ, ಬೇಸರದಿಂದ. "ಹೀಗೆ ಎಲ್ಲಾರೂ ನಡೀತಾರೆ."

"ಹೌದು," ಎಂದ ನಂಜುಂಡಯ್ಯ.

ಆರಿಹೋಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟವನ್ನು ಕೆಳಗಿಟ್ಟ. ನಿನ್ನ ಕೈ ಹೋಯಿತು, ವಯಸ್ಸಾಯಿತು ಎಂದು ಹೇಳುತ್ತ ಪಂಚಾಕ್ಷರಯ್ಯ ಎದ್ದು ಪಂಚೆ ಕೊಡವಿಕೊಂಡು ತನ್ನ ಅಂಗಡಿಗೆ ಹೋದ. ಮರಿಯಣ್ಣ ಗಾಡಿಯನ್ನು ಗೋಡೆಯಿಂದ ಬಿಡಿಸಿಕೊಂಡ. ಮೆಟ್ಟಿಲ ಮೇಲೆ ಹಳದಿ ತುಂಡು ನಾಲ್ಕೂ ಕಡೆಯಿಂದ ಮೆಲ್ಲಗೆ ಮೇಲೆದ್ದು ಸಪಾಟಾಯಿತು. ನಡುವಿನ ಗುಂಡು ತೂತಿನಲ್ಲಿ ಕಲ್ಲಿನ ಮೆಟ್ಟಿಲು ಕಾಣುತ್ತಿತ್ತು; ಸಂಜೆಯ ಬಿಸಿಲು ಓರೆಯಾಗಿ ಅದರೊಳಗೆ ಬಿದ್ದಿತ್ತು.